ಕೆಂಪು ಬಳಿದ ಬಾವಿ

ಬಾಂಗ್ಲಾದೇಶವು ನದಿಗಳ ನಾಡು. ಹಿಮಾಲಯದಿಂದ ಇಳಿದುಬರುವ ಗಂಗೆಯೂ ಬ್ರಹ್ಮಪುತ್ರೆಯೂ ಹೊತ್ತು ತಂದ ಮೆಕ್ಕಲು ಮಣ್ಣಿನ ಮೇಲೆಯೇ ಅಲ್ಲಿಯ ಬಹುಪಾಲು ಹಳ್ಳಿಗಳು ನಿಂತಿವೆ. ನೀರಿಗೆ ಅಲ್ಲಿ ಬರವಿಲ್ಲ. ನಂಬಿ ಕುಡಿಯಬಹುದಾದ ನೀರಿಗೆ ಮಾತ್ರ ಬರ. ಹಿಂದೆ ಜನರು ಕೆರೆಕುಂಟೆಗಳ ನೀರನ್ನೇ ಕುಡಿಯುತ್ತಿದ್ದರು. ಕಾಲರಾ, ವಾಂತಿಭೇದಿಗಳಿಗೆ ಎಳೆಯ ಮಕ್ಕಳು ಬಲಿಯಾಗುತ್ತಿದ್ದರು. ಇದನ್ನು ತಡೆಯಲೆಂದೇ 1970ರ ದಶಕದಲ್ಲಿ ಯುನಿಸೆಫ್ ಸಂಸ್ಥೆಯ ನೆರವಿನಿಂದ ಸರ್ಕಾರವು ಊರೂರಲ್ಲಿ ಕೊಳವೆಬಾವಿಗಳನ್ನು ಕೊರೆಸಿ ಕೈಪಂಪುಗಳನ್ನು ಹಾಕಿಸಿತು. ಮುಂದೆ ಜನರೇ ಹಣ ಕೂಡಿಸಿ ತಮ್ಮ ತಮ್ಮ ಅಂಗಳಗಳಲ್ಲಿ ಲಕ್ಷಗಟ್ಟಲೆ ಬಾವಿಗಳನ್ನು ಹಾಕಿಸಿಕೊಂಡರು.

ಆ ನೀರು ತಿಳಿಯಾಗಿತ್ತು, ತಂಪಾಗಿತ್ತು. ಅದರಲ್ಲಿ ಆರ್ಸೆನಿಕ್ ಬೆರೆತಿದೆಯೆಂದು ಯಾರಿಗೂ ಹೊಳೆಯಲಿಲ್ಲ. ಶಂಖಪಾಷಾಣವೆಂಬ ವಿಷದಲ್ಲಿರುವ ಮೂಲವಸ್ತು ಇದೇ. ಇದನ್ನು ಯಾರೂ ಬಾವಿಗೆ ಹಾಕಿದುದಲ್ಲ. ಮೆಕ್ಕಲಿನಲ್ಲಿರುವ ಕಬ್ಬಿಣದ ಕಣಗಳಿಗೆ ಅದು ಅಂಟಿಕೊಂಡಿರುತ್ತದೆ. ಮಣ್ಣಿನೊಳಗೆ ಹೂತ ಗಿಡಮರಗಳ ಅವಶೇಷಗಳು ಕೊಳೆಯುವಾಗ ಅಲ್ಲಿ ಆಮ್ಲಜನಕ ಇಲ್ಲವಾಗಿ, ಕಬ್ಬಿಣವು ಕರಗಿ, ಅದರೊಡನೆ ವಿಷವೂ ನೀರಿಗಿಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕಾಲರಾ ರೋಗಾಣುವಾದರೆ ಕುದಿಸಿದರೆ ಸಾಯುತ್ತದೆ. ಆರ್ಸೆನಿಕ್ ಬೆರೆತ ನೀರನ್ನು ಕುದಿಸಿದಷ್ಟೂ ಅದು ಗಟ್ಟಿಯಾಗುತ್ತದೆ!

ಪಕ್ಕದ ಪಶ್ಚಿಮ ಬಂಗಾಳದ ಹಳ್ಳಿಗರ ಅಂಗೈ ಅಂಗಾಲುಗಳು ಗಂಟುಗಟ್ಟಿ, ಮೈಮೇಲೆ ಕಲೆಗಳೆದ್ದುದಕ್ಕೆ ನೀರೇ ಕಾರಣವೆಂದು 1983ರಲ್ಲಿ ಕಲ್ಕತ್ತೆಯ ಚರ್ಮರೋಗ ತಜ್ಞ ಕೆ. ಸಿ. ಸಾಹಾ ಅವರು ಗುರುತಿಸಿದರು. ಬಾಂಗ್ಲಾದೇಶದಲ್ಲಿ ಇದು ಖಚಿತವಾದುದು 1993ರಲ್ಲಿ. ಕಲೆಗಳನ್ನು ಕುಷ್ಠವೆಂದು ಬಗೆದು ಹೆಣ್ಣುಮಕ್ಕಳನ್ನು ದೂರವಿರಿಸಿದ ಮನೆಗಳೂ ಉಂಟು.

ಚರ್ಮದ ಮೇಲಿನ ಕಲೆ ಕಣ್ಣಿಗೆ ಬೀಳುತ್ತದೆ. ಬಸಿರಿನೊಳಗಿನ ಕೆಡುಕು ಹಾಗಲ್ಲ. ತಾಯಿ ಕುಡಿದ ಆರ್ಸೆನಿಕ್ ಮಾಸನ್ನು ದಾಟಿ ಕೂಸಿನ ನೆತ್ತರನ್ನು ಸೇರುತ್ತದೆ. ಮತ್ಲಬ್ ಎಂಬಲ್ಲಿ ಕಾಲರಾ ಸಂಶೋಧನೆಗೆಂದು 1963ರಲ್ಲಿ ಆರಂಭವಾದ ಕೇಂದ್ರವೊಂದಿದೆ. ಅಲ್ಲಿಯವರು 1991ರಿಂದ 2000ದವರೆಗಿನ ಸುಮಾರು 29 ಸಾವಿರ ಗರ್ಭಧಾರಣೆಗಳ ದಾಖಲೆಗಳನ್ನು ಪರಿಶೀಲಿಸಿದರು. ಲೀಟರಿಗೆ 50 ಮೈಕ್ರೋಗ್ರಾಂಗಿಂತ ಹೆಚ್ಚು ಆರ್ಸೆನಿಕ್ ಇದ್ದ ನೀರನ್ನು ಕುಡಿದವರಲ್ಲಿ ಗರ್ಭನಷ್ಟದ ಸಂಭವ ನೂರಕ್ಕೆ 14ರಷ್ಟೂ, ಶಿಶುಮರಣದ ಸಂಭವ ನೂರಕ್ಕೆ 17ರಷ್ಟೂ ಹೆಚ್ಚಾಗಿದ್ದಿತು. ಲೆಕ್ಕದಲ್ಲಿ ಇದು ಸಣ್ಣದೆನಿಸೀತು. ಕೋಟಿಗಟ್ಟಲೆ ಜನರು ಅಂಥ ನೀರನ್ನು ಕುಡಿಯುತ್ತಿದ್ದ ನಾಡಿನಲ್ಲಿ ಅದು ಎಷ್ಟು ತೊಟ್ಟಿಲುಗಳನ್ನು ಬರಿದುಮಾಡಿರಬೇಕು! ಸೋಜಿಗವೆಂದರೆ, ತಾಯಿಯ ಎದೆಹಾಲಿಗೆ ಈ ವಿಷ ಇಳಿಯುವುದು ತೀರ ಅಲ್ಪ. ಬಸಿರಿನಲ್ಲಿ ಕಾಪಾಡಲಾರದ ಕೂಸನ್ನು ಆಕೆ ಮಡಿಲಿನಲ್ಲಿ ಕಾಪಾಡುತ್ತಾಳೆ. ಬಾವಿಯ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಆ ರಕ್ಷೆಯೂ ತಪ್ಪಿಹೋಗುತ್ತದೆ.

2000ದ ಸುಮಾರಿಗೆ ಆರಂಭವಾದ ತಪಾಸಣೆಯಲ್ಲಿ ಸುಮಾರು 50 ಲಕ್ಷ ಬಾವಿಗಳ ನೀರನ್ನು ಪರೀಕ್ಷಿಸಲಾಯಿತು. ನಿರಪಾಯವಾದ ಬಾವಿಯ ಕೈಪಂಪಿಗೆ ಹಸಿರು, ವಿಷದ್ದಕ್ಕೆ ಕೆಂಪು ಬಳಿದರು. ಹತ್ತರಲ್ಲಿ ಸುಮಾರು ಮೂರು ಕೆಂಪಾದವು. ಹಸಿರು ಬಾವಿ ಹಲವೆಡೆ ಹತ್ತಿರದಲ್ಲಿಯೇ ಇದ್ದಿತು. ಆದರೆ ಅದು ಪರರ ಅಂಗಳದಲ್ಲಿ. ತುಂಬು ಬಸುರಿ ಕೊಡ ಹೊತ್ತು ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಬೇಕು. ಆ ಮನೆಯವರ ಮುಖ ನೋಡಿ ಪಂಪು ಒತ್ತಬೇಕು. ದಣಿದ ದಿನ ಆಕೆ ಅಂಗಳದ ಕೆಂಪು ಪಂಪನ್ನೇ ಒತ್ತಿದರೆ ಅವಳನ್ನು ಅಜ್ಞಾನಿಯೆಂದು ಹಳಿಯುವುದು ನ್ಯಾಯವಲ್ಲ.

ಕೆಲವು ವರ್ಷಗಳಲ್ಲಿ ಬಳಿದ ಬಣ್ಣವು ಮಾಸಿಹೋಯಿತು. ಆ ಬಳಿಕ ಕೊರೆದ ಎಷ್ಟೋ ಬಾವಿಗಳ ನೀರನ್ನು ಯಾರೂ ಪರೀಕ್ಷಿಸಿಲ್ಲ.