ಕ್ಯೋಟೊದಲ್ಲಿ ನಾಲ್ಕು ತಾಲ್ಲೂಕು

ಊರು ಬಿಟ್ಟು ದೂರ ಹೋದಷ್ಟೂ ಊರಿನ ಹೆಸರು ಹತ್ತಿರವಾಗುತ್ತದೆ. ಬೆಂಗಳೂರಿನಲ್ಲಿ ಯಾವ ಬಡಾವಣೆಯವನೆಂದು ಕೇಳುತ್ತಾರೆ, ದೆಹಲಿಯಲ್ಲಿ ಯಾವ ರಾಜ್ಯದವನೆಂದು. ಕಂಪನಿಯ ತರಬೇತಿಗೆಂದು ಜಪಾನಿನ ಓಸಾಕಾಕ್ಕೆ ಹೋದ ನನಗೆ, ಅಲ್ಲಿ ಸಿಕ್ಕ ಬೆರಳೆಣಿಕೆಯ ಕನ್ನಡಿಗರ ನಡುವೆ 'ದೊಡ್ಡಬಳ್ಳಾಪುರ' ಎಂಬುದೇ ಹೆಸರಾಯಿತು. ನನ್ನ ಕೋಣೆಯ ಜೊತೆಗಾರ 'ದೇವನಹಳ್ಳಿ', ಪಕ್ಕದ ಕಟ್ಟಡದವನು 'ಹೊಸಕೋಟೆ', ಜಪಾನಿ ಭಾಷೆ ಕಲಿತು ಅನುವಾದದ ಕೆಲಸ ಮಾಡುತ್ತಿದ್ದಾಕೆ 'ನೆಲಮಂಗಲ'. 2007ರಲ್ಲಿ ರಾಮನಗರ ಬೇರೆ ಜಿಲ್ಲೆಯಾದ ಮೇಲೆ ಬೆಂಗಳೂರು ಗ್ರಾಮಾಂತರಕ್ಕೆ ಉಳಿದದ್ದು ಈ ನಾಲ್ಕೇ ತಾಲ್ಲೂಕು. ಹೀಗಾಗಿ ನಾವು ನಾಲ್ವರು ಸೇರಿದರೆ ಇಡೀ ಜಿಲ್ಲೆ ಸೇರಿದಂತೆಯೇ ಎಂದು ಹೊಸಕೋಟೆ ಘೋಷಿಸಿದ್ದ.

2018ರ ನವೆಂಬರಿನಲ್ಲಿ ಈ 'ಜಿಲ್ಲೆ' ಒಂದು ಶನಿವಾರ, ಭಾನುವಾರ ಕ್ಯೋಟೊ ನೋಡಲು ಹೊರಟಿತು. ಹೊರಡುವ ಹಿಂದಿನ ರಾತ್ರಿ ಊರಿನಿಂದ ತಮ್ಮ ಫೋನು ಮಾಡಿದ. ಮನೆಯಲ್ಲಿದ್ದ ನಾಲ್ಕು ವಿದ್ಯುತ್ ಮಗ್ಗಗಳನ್ನೂ ಒಟ್ಟಿಗೆ ಕೊಳ್ಳುವ ಗಿರಾಕಿ ಬಂದಿದ್ದ. ಮಗ್ಗ ತೆಗೆದರೆ ಆ ಜಾಗವನ್ನು ಗೋದಾಮಿಗೆ ಬಾಡಿಗೆಗೆ ಕೊಡಬಹುದು. ನೂಲಿನ ದರ ಏರುತ್ತಿತ್ತು, ಸೀರೆಯ ದರ ಏರುತ್ತಿರಲಿಲ್ಲ, ಕೂಲಿಯವರು ಸಿಗುತ್ತಿರಲಿಲ್ಲ. ಅಪ್ಪ ಮಾತ್ರ ಏನೂ ಹೇಳದೆ ಜಗಲಿಯ ಮೇಲೆ ಕೂತಿದ್ದರಂತೆ. "ಅಣ್ಣ, ಭಾನುವಾರ ರಾತ್ರಿಯೊಳಗೆ ಹೇಳಿಬಿಡು, ಸೋಮವಾರ ಅವರು ಅಡ್ವಾನ್ಸ್ ಕೊಡ್ತಾರೆ" ಎಂದ. ಕ್ಯಾಮೆರಾ, ಚಟ್ನಿಪುಡಿ ಡಬ್ಬಿ, ಪುಳಿಯೋಗರೆ ಗೊಜ್ಜು, ಇವುಗಳ ಜೊತೆಗೆ ಈ ಪ್ರಶ್ನೆಯನ್ನೂ ಕಟ್ಟಿಕೊಂಡು ರೈಲು ಹತ್ತಿದೆ.

ಓಸಾಕಾದಿಂದ ಕ್ಯೋಟೊಗೆ ವೇಗದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಕ್ರಿ.ಶ. 794ರಿಂದ ಸಾವಿರ ವರ್ಷಕ್ಕೂ ಮೀರಿ ಜಪಾನಿನ ರಾಜಧಾನಿಯಾಗಿದ್ದ ನಗರವಿದು. ಅಲ್ಲಿನ ಸಿಟಿ ಬಸ್ಸಿಗೆ ಹಿಂಬಾಗಿಲಿನಿಂದ ಹತ್ತಿ, ಇಳಿಯುವಾಗ ಚಾಲಕನ ಪಕ್ಕದ ಡಬ್ಬಿಗೆ ಹಣ ಹಾಕಬೇಕು. ಕಂಡಕ್ಟರ್ ಇಲ್ಲ. "ಚಿಲ್ಲರೆಗೆ ಜಗಳ ಆಡೋದಿಲ್ಲ ಅಂದ್ರೆ ಅದೇನು ಪ್ರಯಾಣ?" ಎಂದು ಹೊಸಕೋಟೆ ಬೇಸರಪಟ್ಟುಕೊಂಡ.

ಚಿನ್ನದ ಮಂದಿರವೆಂದು ಖ್ಯಾತವಾದ ಕಿಂಕಾಕುಜಿಗೆ ಹೋದೆವು. ಕೊಳದ ನೀರಿನಲ್ಲಿ ಹೊಳೆಯುವ ಅದರ ನೆರಳು, ದಡದಲ್ಲಿ ಕೆಂಪೇರಿದ ಮೇಪಲ್ ಎಲೆಗಳು, ಅದರ ಮುಂದೆ ಸಾವಿರ ಜನರ ಸಾವಿರ ಕ್ಯಾಮೆರಾಗಳು. ಮೂಲ ಕಟ್ಟಡವನ್ನು 1950ರಲ್ಲಿ ಅಲ್ಲಿನ ಯುವ ಸನ್ಯಾಸಿಯೊಬ್ಬ ಸುಟ್ಟುಹಾಕಿದ. ಈಗ ಕಾಣುವುದು 1955ರಲ್ಲಿ ಮತ್ತೆ ಕಟ್ಟಿದ್ದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಸಂಜೂಸಾಂಗೆಂದೊ. ಸುಮಾರು 120 ಮೀಟರ್ ಉದ್ದದ ಮರದ ಮಂಟಪ. 1249ರ ಬೆಂಕಿಯ ನಂತರ 1266ರಲ್ಲಿ ಮತ್ತೆ ಕಟ್ಟಿದ್ದು. ಚಪ್ಪಲಿ ಕಳಚಿ ಒಳಗೆ ಹೋದರೆ ನಡುವೆ ಕುಳಿತ ಒಂದು ದೊಡ್ಡ ಮೂರ್ತಿ, ಎಡಬಲಕ್ಕೆ ಸಾಲು ಸಾಲಾಗಿ ನಿಂತ ಸಾವಿರ ಮೂರ್ತಿಗಳು. ಎಲ್ಲವೂ ಕನ್ನೊನ್, ನಮ್ಮ ಅವಲೋಕಿತೇಶ್ವರ ಜಪಾನಿಗೆ ಹೋಗಿ ಪಡೆದ ಕರುಣೆಯ ರೂಪ. ಅವರ ಮುಂದೆ ಕಾವಲಿಗೆ ನಿಂತ 28 ದೇವತೆಗಳನ್ನು ನೆಲಮಂಗಲ ಒಬ್ಬೊಬ್ಬರಾಗಿ ಪರಿಚಯಿಸಿದಳು. ತೈಶಾಕುತೆನ್ ಎಂದರೆ ಇಂದ್ರ, ಬೆಂಜೈತೆನ್ ಎಂದರೆ ಸರಸ್ವತಿ. ಕರೂರ ಎಂದರೆ ಗರುಡ, ಆದರೆ ಇಲ್ಲಿ ಅವನ ಕೈಯಲ್ಲಿ ಹಾವಿಲ್ಲ, ಕೊಳಲಿದೆ. "ನಮ್ಮೂರಿನಿಂದ ಕೆಲಸಕ್ಕೆ ಬಂದು ಇಲ್ಲೇ ಉಳಿದುಬಿಟ್ಟವರು" ಎಂದು ದೇವನಹಳ್ಳಿ ಪಿಸುಗುಟ್ಟಿದ. ಪರದೇಶದಲ್ಲಿ ನೆಂಟರು ಸಿಕ್ಕಂತಾಯಿತು. ಹೆಸರು ಬದಲಾಗಿದೆ, ಉಡುಪು ಬದಲಾಗಿದೆ, ಕೆಲಸವೂ ಕೊಂಚ ಬದಲಾಗಿದೆ. ಆದರೂ ಪೂಜೆ ನಿಂತಿಲ್ಲ.

ಊಟದ ಮಾತು ಬಂದರೆ ಸಸ್ಯಾಹಾರಿಗಳಾದ ನಾನು ಮತ್ತು ನೆಲಮಂಗಲ ಬಡಪಾಯಿಗಳು. ನೋಡಲು ಬರೀ ನೂಡಲ್ಸ್ ಎನಿಸುವ ಬಟ್ಟಲಿನ ಸಾರಿಗೂ ಒಣಮೀನಿನ ರಸವೇ ಆಧಾರ. ಬಿಸಿ ಅನ್ನ ಕೇಳಿ ಪಡೆದು, ಡಬ್ಬಿಯ ಗೊಜ್ಜು ಕಲಸಿಕೊಂಡೆವು. ಹೊಸಕೋಟೆಗೆ ಇಂಥ ತಾಪತ್ರಯವಿಲ್ಲ. ಬೆಳಗಿನ ಜಾವವೇ ಬಿರಿಯಾನಿಗೆ ಸರದಿ ನಿಲ್ಲುವ ಊರಿನವನು ಎಲ್ಲವನ್ನೂ ತಿಂದು, ಕೊನೆಗೆ ನಮ್ಮ ಗೊಜ್ಜಿನ ಅನ್ನಕ್ಕೂ ಕೈ ಹಾಕಿದ.

ರಾತ್ರಿ ಅಗ್ಗದ ವಸತಿಗೃಹದಲ್ಲಿ ಚಾಪೆಯ ನೆಲದ ಮೇಲೆ ಹಾಸಿಗೆ ಹಾಸಿ ಕೂತಾಗ ಮಗ್ಗದ ವಿಷಯ ಹೇಳಿದೆ. ಹೊಸಕೋಟೆ, "ಲೆಕ್ಕ ಹಾಕು ಗುರು, ಬಾಡಿಗೆಯೇ ಲಾಭ" ಎಂದ. ಲೆಕ್ಕದಲ್ಲಿ ಅವನು ಹೇಳಿದ್ದು ಸರಿಯೇ. ದೇವನಹಳ್ಳಿ ಬಹಳ ಹೊತ್ತು ಸುಮ್ಮನಿದ್ದ. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಅವನ ಊರಿನಲ್ಲಿ ಭೂಮಿಯ ಬೆಲೆ ಏರಿ, ಅವನ ತಂದೆ ಚಕ್ಕೋತದ ತೋಟವನ್ನು ಲೇಔಟಿಗೆ ಮಾರಿದ್ದರು. ಆ ಹಣದಲ್ಲೇ ಇವನ ಓದು, ತಂಗಿಯ ಮದುವೆ ಎಲ್ಲ ನಡೆದವು. "ಮಾರಿದ್ದಕ್ಕೆ ನಮಗೆ ದುಃಖ ಇಲ್ಲ ಕಣೋ. ಆದರೆ ಮನೆ ಹಿತ್ತಲಲ್ಲಿ ಒಂದೇ ಒಂದು ಗಿಡ ಇರಲಿ ಅಂತ ಯಾರಿಗೂ ತೋಚಲಿಲ್ಲ. ಈಗ ಹಣ್ಣನ್ನ ಅಂಗಡಿಯಿಂದ ತರ್ತೀವಿ" ಎಂದ. ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಆದರೆ ಅವನ ಮನೆಯಲ್ಲಿ ಗಿಡವಿಲ್ಲ.

ಭಾನುವಾರ ಮುಂಜಾನೆಯೇ ಫುಶಿಮಿ ಇನಾರಿ ಬೆಟ್ಟ ಹತ್ತಿದೆವು. ಭತ್ತದ ದೇವರ ಬೆಟ್ಟ. ದಾರಿಯುದ್ದಕ್ಕೂ ಒಂದಕ್ಕೊಂದು ಒತ್ತಾಗಿ ನಿಲ್ಲಿಸಿದ ಸಾವಿರಾರು ಕೇಸರಿಗೆಂಪು ತೋರಣಗಂಬಗಳು. ಎತ್ತರ 233 ಮೀಟರ್ ಮಾತ್ರ. ಶಿವಗಂಗೆ ಹತ್ತಿದ ನೆಲಮಂಗಲಕ್ಕೆ ಇದು ಬೆಟ್ಟವೇ ಅಲ್ಲ. ಕೆಳಗಿನಿಂದ ಹತ್ತುವಾಗ ಕಂಬಗಳು ಸುಂದರವಾಗಿ, ಮೌನವಾಗಿ ಕಾಣುತ್ತವೆ. ತಿರುಗಿ ನೋಡಿದರೆ ಪ್ರತಿ ಕಂಬದ ಹಿಂಬದಿಯಲ್ಲೂ ಕಪ್ಪು ಅಕ್ಷರ: ದಾನ ಕೊಟ್ಟ ಅಂಗಡಿ, ಕಂಪನಿಗಳ ಹೆಸರು, ತಾರೀಖು. ನಮ್ಮ ದೇವಸ್ಥಾನಗಳ ಟ್ಯೂಬ್‌ಲೈಟಿನ ಮೇಲೆ 'ಸೇವಾಕರ್ತರು' ಎಂದು ಬರೆಸುವವರ ನೆನಪಾಗಿ ನಾಲ್ವರೂ ನಕ್ಕೆವು. ಮನುಷ್ಯ ಎಲ್ಲಿದ್ದರೂ ಮನುಷ್ಯನೇ.

ಮಧ್ಯಾಹ್ನ ನಿಶಿಜಿನ್. ಪ್ರವಾಸಿಗರ ಪಟ್ಟಿಯಲ್ಲಿ ಕೊನೆಗೆ ಬರುವ ಈ ಬಡಾವಣೆ ನನ್ನ ಪಟ್ಟಿಯಲ್ಲಿ ಮೊದಲನೆಯದು. ಕ್ಯೋಟೊದ ನೇಕಾರರ ಕೇರಿ ಇದು. ಹೆಸರಿನ ಅರ್ಥ 'ಪಶ್ಚಿಮದ ದಂಡು'. 1467ರಿಂದ 1477ರವರೆಗೆ ನಡೆದ ಓನಿನ್ ಯುದ್ಧದಲ್ಲಿ ಪಶ್ಚಿಮದ ಪಡೆ ಬೀಡುಬಿಟ್ಟಿದ್ದ ಜಾಗ. ಯುದ್ಧಕ್ಕೆ ಹೆದರಿ ಊರು ಬಿಟ್ಟಿದ್ದ ನೇಕಾರರು ಹಿಂತಿರುಗಿ ಇಲ್ಲಿ ಮಗ್ಗ ಹೂಡಿದರು. 1869ರಲ್ಲಿ ಚಕ್ರವರ್ತಿ ಟೋಕಿಯೋಗೆ ಹೊರಟುಹೋದಾಗ ಅರಮನೆಯ ಗಿರಾಕಿಗಳೂ ಹೋದರು, ನಿಶಿಜಿನ್ ಬರಿದಾಯಿತು. ಆಗ 1872ರಲ್ಲಿ ಮೂವರನ್ನು ಫ್ರಾನ್ಸಿನ ಲಿಯಾನ್ ನಗರಕ್ಕೆ ಕಳಿಸಿ, ಜಕಾರ್ಡ್ ಕಲಿತು ತರಿಸಿದರು. ಅವರಲ್ಲಿ ಒಬ್ಬ ಊರು ತಲುಪಲಿಲ್ಲ, ಬರುವಾಗ ಹಡಗು ಮುಳುಗಿ ಸತ್ತ. ಆ ಜಕಾರ್ಡೇ ಕೇರಿಯನ್ನು ಉಳಿಸಿತು. ದೊಡ್ಡಬಳ್ಳಾಪುರದಲ್ಲಿ ಸೀರೆಯ ಅಂಚು, ಸೆರಗು ಹೂವಾಗಿ ಅರಳುವುದು ಇದೇ ಜಕಾರ್ಡಿನಿಂದ, ತೂತು ಕೊರೆದ ಅದೇ ಕಾರ್ಡುಗಳಿಂದ.

ರೇಷ್ಮೆಯ ದಾರಿಯಲ್ಲಿ ಜಪಾನು ನಮಗೆ ಹೊಸದೇನಲ್ಲ. 1890ರ ದಶಕದಲ್ಲೇ ಜೆ.ಎನ್. ಟಾಟಾ ಬೆಂಗಳೂರಿನಲ್ಲಿ ರೇಷ್ಮೆ ಫಾರಂ ತೆರೆದು ಜಪಾನಿನಿಂದ ಪರಿಣತರನ್ನು ಕರೆಸಿದ್ದರು. ಬಸವನಗುಡಿಯ ಕಡೆ 'ಟಾಟಾ ಸಿಲ್ಕ್ ಫಾರಂ' ಎಂಬ ಹೆಸರು ಇಂದಿಗೂ ಉಳಿದಿದೆ. ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನ್ ಸುತ್ತಿ ಬಂದಿದ್ದರು.

ನಿಶಿಜಿನ್ನಿನ ಮನೆಗಳು ಬೀದಿಗೆ ಕಿರಿದು, ಒಳಗೆ ಉದ್ದ. 'ಹಾವುಮೀನಿನ ಹಾಸಿಗೆ' ಎಂದು ಜಪಾನೀಯರೇ ತಮಾಷೆ ಮಾಡುತ್ತಾರೆ. ಒಂದು ಓಣಿಯಲ್ಲಿ ಮರದ ಜಾಲರಿಯ ಹಿಂದಿನಿಂದ ಸದ್ದು ಕೇಳಿ ನಾನು ನಿಂತೆ. ಮಗ್ಗದ ಸದ್ದಿನಲ್ಲೇ ನಿದ್ದೆ ಮಾಡಿ ಬೆಳೆದವನು ನಾನು. ನಮ್ಮ ಬೀದಿಯ ಮಕ್ಕಳಿಗೆ ಎಚ್ಚರವಾಗುತ್ತಿದ್ದುದು ಕರೆಂಟು ಹೋಗಿ ಸದ್ದು ನಿಂತಾಗ. ನೆಲಮಂಗಲ ಬಾಗಿಲಲ್ಲಿ ನಿಂತು ವಿನಯದಿಂದ ಕೇಳಿದಳು. ಎಪ್ಪತ್ತು ದಾಟಿದ ಹಿರಿಯರೊಬ್ಬರು ಒಳಗೆ ಕರೆದರು.

ಒಳಗೆ ಮೂರು ಮಗ್ಗ, ನಡೆಯುತ್ತಿದ್ದುದು ಒಂದೇ. ಕಿಮೊನೊದ ಮೇಲೆ ನಡುವಿಗೆ ಕಟ್ಟುವ ಓಬಿ ಪಟ್ಟಿ ನೇಯುತ್ತಿದ್ದರು. ನೋಡುತ್ತಿದ್ದಂತೆ ಹಾಸಿನ ಒಂದು ಎಳೆ ಹರಿಯಿತು. ನಾನು ಬೆರಳು ತೋರಿಸಿದೆ. ಅವರು ನನ್ನ ಮುಖ ನೋಡಿ, ಪಕ್ಕಕ್ಕೆ ಸರಿದು, ಕೈಸನ್ನೆ ಮಾಡಿದರು. ಅಪ್ಪ ಕಲಿಸಿದ ಗಂಟು ಹಾಕಿ, ತುದಿ ಕತ್ತರಿಸಿ, ಎಳೆಯನ್ನು ಜಾಗಕ್ಕೆ ಕೂರಿಸಿದೆ. ಹಿರಿಯರು ಗಂಟನ್ನು ಉಗುರಿನಿಂದ ತಡವಿ ನೋಡಿ ಏನೋ ಕೇಳಿದರು. "ನೀವು ಯಾರ ಮನೆಯವರು ಅಂತ ಕೇಳ್ತಿದ್ದಾರೆ" ಎಂದಳು ನೆಲಮಂಗಲ. ಊರಿನ ಹೆಸರು ಹೇಳಿದೆ. "ದೊಡ್ಡಬರಾಪುರ" ಎಂದು ಅವರು ಎರಡು ಸಲ ಅಂದುಕೊಂಡರು.

ಅವರ ಮಗನೂ ಓಸಾಕಾದಲ್ಲಿ ನೌಕರಿಯಲ್ಲಿದ್ದ. ಓಬಿ ಕೊಳ್ಳುವವರು ಕಡಿಮೆಯಾಗಿದ್ದರು. ಹಾಗಾದರೆ ನಿಂತ ಎರಡು ಮಗ್ಗಗಳನ್ನು ಏಕೆ ಇಟ್ಟುಕೊಂಡಿದ್ದೀರಿ ಎಂದು ಕೇಳಿಸಿದೆ. ಹಳೆಯ ನೆನಪು, ಹಿರಿಯರ ಆಸ್ತಿ ಎಂದೇನೋ ಹೇಳುತ್ತಾರೆಂದುಕೊಂಡಿದ್ದೆ. "ಬಿಡಿಭಾಗಕ್ಕೆ" ಎಂದರು. ಮಗ್ಗದ ಬಿಡಿಭಾಗ ಮಾಡುತ್ತಿದ್ದ ಕುಶಲಕರ್ಮಿಗಳು ಒಬ್ಬೊಬ್ಬರಾಗಿ ತೀರಿಕೊಂಡಿದ್ದರು. ಎರಡು ಮಗ್ಗಗಳ ಅಂಗಾಂಗ ಬಿಚ್ಚಿ ಒಂದನ್ನು ಬದುಕಿಸಿಕೊಂಡಿದ್ದರು. ಹೇಳುವಾಗ ಅವರ ದನಿಯಲ್ಲಿ ಕೊರಗಿರಲಿಲ್ಲ. ನಾಳೆಯ ನೇಯ್ಗೆಯ ಯೋಚನೆಯಿತ್ತು.

ಹಿಂದಿರುಗುವ ರೈಲಿನಲ್ಲಿ ಗೆಳೆಯರು ತೂಕಡಿಸುತ್ತಿದ್ದರು. ರೈಲಿಳಿದು ತಮ್ಮನಿಗೆ ಫೋನು ಮಾಡಿದೆ. ಎರಡು ಮಗ್ಗ ಮಾರು, ಎರಡು ಇರಲಿ. ಮಾರುವ ಮಗ್ಗಗಳ ಜಕಾರ್ಡ್ ಪೆಟ್ಟಿಗೆಗಳನ್ನು ಬಿಚ್ಚಿ ಅಟ್ಟದ ಮೇಲಿಡು, ದರದಲ್ಲಿ ಅಷ್ಟು ಕಡಿಮೆಯಾದರೂ ಚಿಂತೆಯಿಲ್ಲ ಎಂದೆ. ಅವನು ಗೊಣಗಿದ. ಹಿಂದಿನಿಂದ ಅಪ್ಪ, "ಪೆಟ್ಟಿಗೆ ಬಿಚ್ಚೋದು ನಿನಗೆ ಬರಲ್ಲ, ನಾನೇ ಬಿಚ್ತೀನಿ" ಎಂದದ್ದು ಕೇಳಿಸಿತು. ಎರಡು ದಿನದಲ್ಲಿ ಅವರು ಆಡಿದ ಮೊದಲ ಮಾತು ಅದೇ ಎಂದು ತಮ್ಮ ಆಮೇಲೆ ಹೇಳಿದ.

ನಾವು ನಾಲ್ವರೂ ಈಗ ನಾಲ್ಕು ದಿಕ್ಕು. 2020ರ ಲಾಕ್‌ಡೌನ್‌ನಲ್ಲಿ ಉಳಿದೆರಡು ಮಗ್ಗಗಳೂ ತಿಂಗಳುಗಟ್ಟಲೆ ನಿಂತವು. ಮತ್ತೆ ಹೊರಟಾಗ ಒಂದರ ಜಕಾರ್ಡ್ ಕೈಕೊಟ್ಟಿತು. ತಮ್ಮ ಏಣಿ ಹಾಕಿ ಅಟ್ಟ ಹತ್ತಿದ.