ಮಗುವಿನ ಗೆರೆಯನ್ನು ತಿದ್ದಬೇಡಿ

ಪ್ರಿಯ ಗೆಳತಿ,

ನಿಮ್ಮ ಪತ್ರ ತಲುಪಿತು. ‘ಬರೇ ಗೀಚಕೋತ ಕುಂತರ ಅಕ್ಷರ ಕಲಿಯೂದು ಯಾವಾಗ್ರೀ ಟೀಚರ್?’ ಎಂದು ತಾಯಂದಿರು ಕೇಳುತ್ತಾರೆ, ಏನು ಉತ್ತರ ಕೊಡಲಿ ಎಂದು ಬರೆದಿದ್ದೀರಿ. ಮಕ್ಕಳ ತೂಕ ನೋಡಬೇಕು, ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ವಿವರ ತುಂಬಬೇಕು, ಮನೆ ಭೇಟಿಗೆ ಹೋಗಬೇಕು. ಒಬ್ಬ ಅಂಗನವಾಡಿ ಕಾರ್ಯಕರ್ತೆಯ ದಿನದಲ್ಲಿ ಚಿತ್ರಕ್ಕೂ ಮಣ್ಣಿಗೂ ಅರ್ಧ ಗಂಟೆ ಹೊಂದಿಸುವುದೇ ಕಷ್ಟ. ಆದರೂ ಆ ಅರ್ಧ ಗಂಟೆಯನ್ನು ಬಿಟ್ಟುಕೊಡಬೇಡಿ ಎಂದು ಕೇಳಿಕೊಳ್ಳುತ್ತೇನೆ.

ತಾಯಂದಿರಿಗೆ ಅವರ ಮಕ್ಕಳು ಬರೆದ ಚಿತ್ರಗಳನ್ನೇ ತೋರಿಸಿ. ಎರಡು ವರ್ಷದ ಆಸುಪಾಸಿನಲ್ಲಿ ಬಳಪ ತೋಳಿನ ಜೊತೆ ಎತ್ತೆತ್ತಲೋ ಓಡುತ್ತದೆ. ಮೂರರ ಹೊತ್ತಿಗೆ, ಹೊರಟ ಗೆರೆ ಸುತ್ತಿ ಬಂದು ತನ್ನ ತುದಿಯನ್ನೇ ಸೇರುತ್ತದೆ, ಸೊನ್ನೆಯಾಗುತ್ತದೆ. ಕೆಲವು ತಿಂಗಳಲ್ಲಿ ಆ ಸೊನ್ನೆಗೆ ಎರಡು ಕಣ್ಣು, ಕೆಳಗೆ ಎರಡು ಉದ್ದನೆಯ ಕಾಲು. ಹೊಟ್ಟೆ ಇರುವುದಿಲ್ಲ; ಕೈ ಬಂದರೆ ಅದೂ ತಲೆಯಿಂದಲೇ. ಹಲವು ದೇಶಗಳ ಮಕ್ಕಳು ಈ ವಯಸ್ಸಿನಲ್ಲಿ ಮನುಷ್ಯನನ್ನು ಹೀಗೇ ಬರೆಯುತ್ತಾರೆ. ಈ ಹಂತಗಳನ್ನು ಕಲಾಶಿಕ್ಷಣ ತಜ್ಞ ವಿಕ್ಟರ್ ಲೋವೆನ್‌ಫೆಲ್ಡ್ 1947ರ ತಮ್ಮ ಪುಸ್ತಕದಲ್ಲಿ ಒಂದೊಂದಾಗಿ ವಿವರಿಸಿದ್ದಾರೆ. ಸೊನ್ನೆ ಮುಚ್ಚಲು ಬಂದ ಕೈಗೆ ‘ರ’ ದೂರವಿಲ್ಲ. ಮಣ್ಣು ನಾದಿ ಗಟ್ಟಿಯಾದ ಬೆರಳಿಗೆ ಪೆನ್ಸಿಲ್ ಭಾರವಾಗುವುದಿಲ್ಲ. ಗೀಚುವುದೂ ಅಕ್ಷರದ ದಾರಿಯೇ ಎಂದು ಧೈರ್ಯವಾಗಿ ಹೇಳಿ.

ಅಕ್ಷರಕ್ಕಾಗಿ ಮಾತ್ರ ಚಿತ್ರ ಎಂದು ನಾವಿಬ್ಬರೂ ನಂಬಿ ಕೂರುವುದು ಬೇಡ. ಏನು ಉಣ್ಣಬೇಕು, ಯಾವಾಗ ಮಲಗಬೇಕು, ಯಾವ ಅಂಗಿ ತೊಡಬೇಕು, ಎಲ್ಲವನ್ನೂ ದೊಡ್ಡವರೇ ಗೊತ್ತುಮಾಡುವ ವಯಸ್ಸದು. ಆದರೆ ಅವ್ವನನ್ನು ಮನೆಗಿಂತ ದೊಡ್ಡದಾಗಿ ಬರೆಯಬೇಕೆಂದು ಸ್ಲೇಟಿನ ಮೇಲೆ ತೀರ್ಮಾನಿಸುವುದು ಮಗು. ಆ ತೀರ್ಮಾನವನ್ನು ಕಾಪಾಡುವುದೇ ನಮ್ಮ ಕೆಲಸ.

ಅದಕ್ಕೇ ಹೇಳುವುದು, ಬೋರ್ಡಿನ ಮೇಲೆ ಮಾವಿನಹಣ್ಣು ಬರೆದು ಎಲ್ಲರಿಂದಲೂ ಅದನ್ನೇ ಬರೆಸುವುದು ಬೇಡ. ಅಚ್ಚು ಹಾಕಿದ ಚಿತ್ರಕ್ಕೆ ಗೆರೆ ದಾಟದಂತೆ ಬಣ್ಣ ತುಂಬಿಸುವುದು ಬೇಡ. ‘ಹೊಟ್ಟಿ ಎಲ್ಲೈತಿ?’ ಎಂದು ಕೇಳಿ ನೀವೇ ಒಂದು ಹೊಟ್ಟೆ ಸೇರಿಸುವುದಂತೂ ಬೇಡವೇ ಬೇಡ. ಒಮ್ಮೆ ತಿದ್ದಿಸಿಕೊಂಡ ಮಗು ಮಾರನೆಯ ದಿನ ಬಳಪವನ್ನು ನಿಮ್ಮ ಕೈಗೇ ಕೊಟ್ಟು ‘ನೀವ ಬರದು ಕೊಡ್ರಿ ಟೀಚರ್’ ಎನ್ನುತ್ತದೆ. ಕಳೆದುಹೋದ ಆ ಧೈರ್ಯವನ್ನು ಮರಳಿ ತರಲು ಬಹಳ ದಿನ ಬೇಕು.

‘ಏನಿದು?’ ಎನ್ನುವುದಕ್ಕಿಂತ ‘ಇದರ ಕತಿ ಹೇಳು’ ಎನ್ನಿ. ಬರೀ ‘ಚಲೋ ಐತಿ’ ಎಂದು ಮುಂದೆ ಹೋಗದೆ, ಕಂಡದ್ದನ್ನು ಹೇಳಿ: ‘ಕೆಂಪು ಬಣ್ಣ ಮೂಲಿತನಾ ಎಳದೀಯಲ್ಲ!’ ಮಗು ಹೇಳಿದ ಮಾತನ್ನು ಹಾಳೆಯ ಹಿಂದೆ ತಾರೀಖಿನ ಸಮೇತ ಬರೆದಿಡಿ. ತಾನು ಆಡಿದ ಮಾತು ಅಕ್ಷರವಾಗುವುದನ್ನು ಮಗು ಕಣ್ಣಾರೆ ನೋಡುತ್ತದೆ. ಜೂನ್ ತಿಂಗಳ ಚಿತ್ರವನ್ನೂ ಡಿಸೆಂಬರಿನದನ್ನೂ ಬಾಲವಿಕಾಸ ಸಮಿತಿಯ ಸಭೆಯಲ್ಲಿ ಅಕ್ಕಪಕ್ಕ ಇಟ್ಟರೆ, ಮಗು ಎಷ್ಟು ಮುಂದೆ ಬಂದಿದೆ ಎಂಬುದು ಪಾಲಕರಿಗೆ ತಾನಾಗಿ ಕಾಣುತ್ತದೆ.

ಸಾಮಾನಿಗೆ ದುಡ್ಡೆಲ್ಲಿದೆ ಎಂದೂ ಕೇಳಿದ್ದೀರಿ. ಮಕ್ಕಳ ಕಲೆಯನ್ನು ನೋಡಲು ಇಂದು ಜಗತ್ತೇ ಹೋಗುವ ಊರು ಇಟಲಿಯ ರೆಜ್ಜೊ ಎಮಿಲಿಯಾ. 1945ರಲ್ಲಿ ಯುದ್ಧ ಮುಗಿದಾಗ ಅದರ ಪಕ್ಕದ ಹಳ್ಳಿಯ ಜನ, ಜರ್ಮನ್ ಸೇನೆ ಬಿಟ್ಟುಹೋದ ಒಂದು ಟ್ಯಾಂಕು, ಕೆಲವು ಲಾರಿ, ಕುದುರೆಗಳನ್ನು ಮಾರಿದ ಹಣದಿಂದ ಶಿಶುಶಾಲೆ ಕಟ್ಟಲು ಹೊರಟರು. ಬಾಂಬಿಗೆ ಬಿದ್ದ ಮನೆಗಳ ಇಟ್ಟಿಗೆಯನ್ನೇ ಆರಿಸಿ ತಂದರು. ಸುದ್ದಿ ಕೇಳಿ ಸೈಕಲ್ ತುಳಿದು ಬಂದ ಯುವ ಮೇಷ್ಟ್ರು ಲೋರಿಸ್ ಮಲಗುಝಿ ಅಲ್ಲೇ ಜೊತೆಯಾದರು. ಮುಂದೆ 1963ರಲ್ಲಿ ರೆಜ್ಜೊ ಎಮಿಲಿಯಾದ ನಗರಸಭೆ ತನ್ನ ಮೊದಲ ಶಿಶುಶಾಲೆ ತೆರೆಯಿತು. ಅಂಥ ಶಾಲೆಗಳಲ್ಲಿ ಮಕ್ಕಳಿಗೆಂದೇ ಕಲೆಯ ಕೋಣೆ, ಅದಕ್ಕೊಬ್ಬ ಕಲಾವಿದರು ಬಂದರು. ಶುರುವಾದದ್ದು ಮಾತ್ರ ಹಾಳುಬಿದ್ದ ಊರಿನ ಬರಿಗೈಯಲ್ಲಿ.

ನಿಮ್ಮ ಕೈ ಅಷ್ಟೂ ಬರಿದಲ್ಲ. ಒಲೆಯ ಇದ್ದಿಲು, ಕೆಮ್ಮಣ್ಣು, ಬಸಳೆ ಹಣ್ಣಿನ ನೇರಳೆ ರಸ ಇವೆ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಹಳದಿ ಕೆಂಪಾಗುವುದನ್ನು ಮಕ್ಕಳೆದುರಿಗೇ ಮಾಡಿ ತೋರಿಸಿ. ಸುಣ್ಣ ಮಾತ್ರ ನಿಮ್ಮ ಕೈಯಲ್ಲೇ ಇರಲಿ. ತುದಿ ಜಜ್ಜಿದ ಬೇವಿನ ಕಡ್ಡಿಯೇ ಕುಂಚ. ಕಾರಹುಣ್ಣಿಮೆ ಕಳೆದು ಮಣ್ಣೆತ್ತಿನ ಅಮಾವಾಸ್ಯೆ ಬಂದಾಗ ಪೇಟೆಯ ಎತ್ತು ತರದೆ, ಹಸಿಮಣ್ಣಿನ ಮುದ್ದೆಯನ್ನೇ ಮಕ್ಕಳ ಮುಂದಿಡಿ. ಮೊದಲು ಕುಟ್ಟುತ್ತಾರೆ, ಆಮೇಲೆ ಹೊಸೆಯುತ್ತಾರೆ, ಕಾಲು ನಿಲ್ಲದೆ ಎತ್ತು ಕುಸಿದಾಗ ಕಾಲನ್ನು ದಪ್ಪ ಮಾಡುತ್ತಾರೆ. ಭಾರ ಹೊರಲು ಕಾಲು ಗಟ್ಟಿ ಇರಬೇಕು ಎಂಬುದನ್ನು ಯಾರೂ ಹೇಳಿಕೊಡದೆ ಕಂಡುಕೊಳ್ಳುತ್ತಾರೆ. ಎತ್ತಿನ ಕಣ್ಣಿಗೆ ಇಡಲು ಜೋಳದ ಕಾಳು ಕೊಡುವಾಗ ತೀರ ಚಿಕ್ಕವರ ಮೇಲೆ ನಿಗಾ ಇರಲಿ, ಬಾಯಿಗೆ ಹಾಕಿಕೊಂಡುಬಿಡುತ್ತಾರೆ.

ಎಲ್ಲ ಮಕ್ಕಳೂ ಮೊದಲ ದಿನವೇ ಮಣ್ಣಿಗೆ ಕೈ ಹಾಕುವುದಿಲ್ಲ. ದೂರ ನಿಂತ ಮಗುವನ್ನು ಒತ್ತಾಯ ಮಾಡಬೇಡಿ. ಅದರ ಪಕ್ಕ ಕುಳಿತು ನೀವೂ ಒಂದು ಮುದ್ದೆ ನಾದುತ್ತಿರಿ. ಬರಬೇಕೆನಿಸಿದಾಗ ಅದೇ ಬರುತ್ತದೆ. ಯಾರು ಏನು ಮಾಡಿದರು, ಏನು ಹೇಳಿದರು ಎಂದು ಬಿಡುವಾದಾಗ ನನಗೆ ಬರೆಯಿರಿ. ಒಂದೆರಡು ಚಿತ್ರಗಳನ್ನೂ ಕಳಿಸಿ, ಮಕ್ಕಳ ಒಪ್ಪಿಗೆ ಕೇಳಿ.

ಪ್ರೀತಿಯಿಂದ,
ನಿಮ್ಮ ಗೆಳತಿ