ಹೊಳೆಯ ಮೀನು ಮತ್ತು ನನ್ನ ಪಾಟಿಚೀಲ

ನಮ್ಮೂರು ಸವಣೂರು ತಾಲ್ಲೂಕಿನಲ್ಲಿ ವರದಾ ನದಿಯ ದಂಡೆಯ ಮೇಲಿದೆ. ಈ ನದಿ ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟಿ, ಬನವಾಸಿ ದಾಟಿ, ಹಾನಗಲ್ಲ ತಾಲ್ಲೂಕಿನಿಂದ ನಮ್ಮ ಕಡೆ ಬಂದು, ಗಳಗನಾಥದಲ್ಲಿ ತುಂಗಭದ್ರೆಗೆ ಕೂಡುತ್ತದೆ. ನಾವು ಅಂಬಿಗರು. ನಮ್ಮಜ್ಜನ ಹತ್ತಿರ ಒಂದು ಹರಿಗೋಲು ಇದೆ. ದೊಡ್ಡ ಬಿದಿರಿನ ಬುಟ್ಟಿಯಂಥಾದ್ದು. ಮೊದಲು ಅದಕ್ಕೆ ಚರ್ಮ ಹೊಚ್ಚುತ್ತಿದ್ದರಂತೆ, ಈಗ ಪ್ಲಾಸ್ಟಿಕ್ ಹಾಳೆ ಹೊಚ್ಚಿ ಡಾಂಬರು ಬಳಿದಿದ್ದಾರೆ.

ಮಿರಗ ಮಳೆಗೆ ಹೊಳೆಗೆ ಕೆಂಪು ನೀರು ಬಂತೆಂದರೆ ಕೆಳಗಿನಿಂದ ಮೀನು ಮೇಲೆ ಏರುತ್ತವೆ, ತತ್ತಿ ಇಡಲಿಕ್ಕೆ. ಬಾಂದಾರದ ಹತ್ತಿರ ಮುಂದೆ ಹೋಗಲಿಕ್ಕೆ ಆಗದೆ ಜಿಗಿಯುತ್ತವೆ. ಎಷ್ಟು ಜಿಗಿದರೂ ಅಲ್ಲೇ ಬೀಳುತ್ತವೆ. ಹೋದ ವರ್ಷ ಊರ ಮಂದಿಯೆಲ್ಲಾ ಅಲ್ಲಿ ಸೊಳ್ಳೆಪರದೆ ಹಿಡಿದು ನಿಂತಿದ್ದರು. ನಾನೂ ನಮ್ಮ ಮನೆಯದು ಒಯ್ದೆ. ಎರಡು ಕೊಡ ತುಂಬಾ ಮೀನು ಸಿಕ್ಕವು! ಅವ್ವ ಸಂತೆಗೆ ಒಯ್ದು ಮಾರಿದಳು. ಆ ರೊಕ್ಕದಲ್ಲೇ ನನಗೆ ಹೊಸ ಪಾಟಿಚೀಲ ಬಂತು. ನೀವೆಲ್ಲಾ ಚಂದ ಐತಿ ಅಂದಿರಲ್ಲಾ, ಅದೇ.

ಅಜ್ಜ ಬೈಯಲಿಲ್ಲ. ಒಂದು ಮೀನಿನ ಹೊಟ್ಟೆ ಸೀಳಿ ತೋರಿಸಿದ. ಒಳಗೆ ಸಾಸಿವೆ ಕಾಳಿನಂಥ ತತ್ತಿ, ಬೊಗಸೆ ತುಂಬಾ. "ಇವಿಷ್ಟೂ ಮುಂದಿನ ವರ್ಸದ್ವು ನೋಡ್ಲೇ ತಮ್ಮಾ" ಅಂದ. ರಾತ್ರಿ ಮೀನಿನ ಸಾರು ಮುಟ್ಟಲಿಲ್ಲ. ರೊಟ್ಟಿಗೆ ಖಾರಾ ಹಚ್ಚಿಕೊಂಡು ತಿಂದ.

ದಸರಾ ರಜೆಯಲ್ಲಿ ಅಜ್ಜನ ಜೊತೆ ಹರಿಗೋಲಿನಲ್ಲಿ ಹೋದೆ. ಮುಂಜಾನೆಯಿಂದ ಹೊತ್ತು ಇಳಿಯುವ ತನಕ ನೀರು ಹರಿದ ಕಡೆಗೇ ಹೋದೆವು. ಮೂರು ಸಲ ಬಲೆ ಬಿಟ್ಟರೂ ಸಿಕ್ಕದ್ದು ಏಳೇ ಸಣ್ಣ ಮೀನು. ಬುತ್ತಿ ನನ್ನ ಪಾಟಿಚೀಲದಲ್ಲಿತ್ತು. ಅದನ್ನು ಅಜ್ಜನ ಮುಂದೆ ಬಿಚ್ಚಲಿಕ್ಕೆ ನನಗೆ ನಾಚಿಕೆ ಆಯ್ತು. ತಿರುಗಿ ಬರುವಾಗ ಅಜ್ಜ ಹರಿಗೋಲನ್ನು ತಲೆಯ ಮೇಲೆ ಹೊತ್ತು ದಂಡೆಗುಂಟ ನಡೆದ. ಹಿಂದಿನಿಂದ ನೋಡಿದರೆ ಆಮೆ ಹೊಂಟಂಗ ಕಾಣುತ್ತಿತ್ತು.

ಮೊನ್ನೆ ವಿಜ್ಞಾನದ ಗುರುಗಳು ಸಾಲ್ಮನ್ ಮೀನಿನ ಸಂಗತಿ ಹೇಳಿದರು. ಅದು ನದಿಯಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ತಾನು ಹುಟ್ಟಿದ ನದಿಗೇ ತಿರುಗಿ ಬಂದು ತತ್ತಿ ಇಡುತ್ತದೆ. ಕೆನಡಾ ಮತ್ತು ಅಲಾಸ್ಕಾದಲ್ಲಿ ಯೂಕಾನ್ ಎಂಬ ನದಿ ಇದೆ. ಸುಮಾರು 3,000 ಕಿ.ಮೀ. ಉದ್ದ! ಅದರ ದಂಡೆಯ ಮಂದಿ ಸಾಲ್ಮನ್ನನ್ನು ಹೊಗೆಗೆ ಒಣಗಿಸಿಟ್ಟು ಚಳಿಗಾಲದಲ್ಲಿ ಉಣ್ಣುತ್ತಾರೆ. ಮೀನು ಬಹಳ ಕಡಿಮೆಯಾದ್ದರಿಂದ 2024ರಲ್ಲಿ ಅಲ್ಲಿಯ ಸರಕಾರಗಳು ಚಿನೂಕ್ ಎಂಬ ದೊಡ್ಡ ಸಾಲ್ಮನ್ ಹಿಡಿಯುವುದನ್ನು 7 ವರ್ಷ ನಿಲ್ಲಿಸಿವೆ.

ಇದನ್ನು ಅಜ್ಜನಿಗೆ ಹೇಳಿದೆ. ಅಜ್ಜ ಬಹಳ ಹೊತ್ತು ಸುಮ್ಮನಿದ್ದ. "ಏಳು ವರ್ಸ ಅಂದ್ರ ಅವರ ಹುಡುಗ್ರು ಬಲಿ ಬೀಸೂದು ಮರತ ಬಿಡ್ತಾವಲ್ಲೋ" ಅಂದ. ಆಮೇಲೆ ಗೂಟಕ್ಕೆ ಹಾಕಿದ್ದ ಹರಿದ ಬಲೆ ಇಳಿಸಿದ.

"ನಾಳೆ ಐತವಾರ ಐತಿ. ಲಗೂನ ಏಳು, ಬಲಿ ಹೆಣಿಯೂದು ತೋರಸ್ತೀನಿ."